ಗಡುವು ಮುಗಿದ ವೀಲ್‌ಚೇರ್

ತಂಡ ಮಾಡಿಕೊಳ್ಳಿ ಎಂದು ಮೇಡಂ ಹೇಳಿದ್ದೇ ತಡ, ಕ್ಲಾಸಿನಲ್ಲಿ ಬೆಂಚು ಎಳೆದಾಡುವ ಸದ್ದು ಶುರುವಾಯಿತು. ಸದ್ದು ನಿಂತಾಗ ಎಲ್ಲರೂ ನಾಲ್ಕು ನಾಲ್ಕು ಜನ ಗುಂಪಾಗಿ ಕೂತಿದ್ದರು. ಮೂವರು ಮಾತ್ರ ಕೂತಲ್ಲೇ ಉಳಿದಿದ್ದೆವು. ಮೇಡಂ ಒಬ್ಬೊಬ್ಬರ ಮುಖವನ್ನೂ ನೋಡಿ, "ಸರಿ, ನೀವು ಮೂವರೇ ಒಂದು ಟೀಮ್" ಎಂದರು.

ನಾವು ಉಳಿದದ್ದಕ್ಕೆ ಕಾರಣ ಇತ್ತು. ನನಗಾಗ ಮೂವತ್ತೆಂಟು ವರ್ಷ. ನನ್ನ ಗಂಡ ಬ್ಯಾಂಕ್ ಅಧಿಕಾರಿ; ಹಾವೇರಿ ಕಡೆಯವರಾದ ನಾವು ವರ್ಗವಾಗಿ ವಿಶಾಖಪಟ್ಟಣಕ್ಕೆ ಬಂದು ಮಧುರವಾಡದ ಹೊಸ ಅಪಾರ್ಟ್‌ಮೆಂಟೊಂದರಲ್ಲಿ ಮನೆ ಮಾಡಿದ್ದೆವು. ಮಗಳು ಶಾಲೆಗೆ ಹೋದ ಮೇಲೆ ಮನೆಯಲ್ಲಿ ಹೊತ್ತು ಹೋಗದೆ, ಯಾವಾಗಲೋ ಮುಗಿಸಿದ್ದ ಬಿ.ಎಸ್ಸಿ.ಯ ಅಂಕಪಟ್ಟಿ ಹುಡುಕಿ ತೆಗೆದು ಎಂ.ಸಿ.ಎ. ಸೇರಿದ್ದೆ. ತಮ್ಮ ಅಮ್ಮಂದಿರ ವಯಸ್ಸಿನವಳನ್ನು ಟೀಮಿಗೆ ಸೇರಿಸಿಕೊಳ್ಳಲು ಹುಡುಗರಿಗೆ ಮುಜುಗರ. ಉಳಿದ ಇನ್ನೊಬ್ಬಳು ಅನಕಾಪಲ್ಲಿಯ ಹುಡುಗಿ. ಜಾಂಡೀಸ್ ಆಗಿ ಅರ್ಧ ಸೆಮಿಸ್ಟರ್ ಕ್ಲಾಸಿಗೇ ಬಂದಿರಲಿಲ್ಲ. ಮೂರನೆಯವನು ಎಲ್ಲರಿಗಿಂತ ಚೆನ್ನಾಗಿ ಕೋಡ್ ಬರೆಯುತ್ತಿದ್ದ ಹುಡುಗ. ಹಿಂದಿನ ವರ್ಷ ಜೊತೆಗಿದ್ದವರೆಲ್ಲರ ಹತ್ತಿರವೂ ಜಗಳ ಮಾಡಿಕೊಂಡಿದ್ದರಿಂದ ಯಾರೂ ಅವನನ್ನು ಕರೆಯಲಿಲ್ಲ.

ಮೊದಲ ದಿನ ಅವನು ನನ್ನನ್ನು ಮೇಡಂ ಎಂದ. ಹುಡುಗಿ ಆಂಟಿ ಎಂದಳು. ವಾರ ಕಳೆಯುವಷ್ಟರಲ್ಲಿ ಇಬ್ಬರ ಬಾಯಲ್ಲೂ ಅಕ್ಕಾ ಆದೆ.

ಆ ವರ್ಷ ಮೇಡಂ ಒಂದು ಷರತ್ತು ಹಾಕಿದ್ದರು. ಸಾಫ್ಟ್‌ವೇರ್ ಎಂಜಿನಿಯರಿಂಗ್ ಪ್ರಾಜೆಕ್ಟನ್ನು ಪುಸ್ತಕ ನೋಡಿ ಮಾಡುವಂತಿಲ್ಲ. ಹೊರಗೆ ಯಾರಿಗಾದರೂ ನಿಜವಾಗಿ ಬೇಕಾದದ್ದನ್ನು ಮಾಡಿಕೊಡಬೇಕು. ಬೇರೆ ಟೀಮಿನವರು ತಮಗೆ ಗೊತ್ತಿದ್ದ ಅಂಗಡಿ, ಆಸ್ಪತ್ರೆ ಹಿಡಿದರು. ನಮ್ಮ ಹುಡುಗ ಸಿಂಹಾಚಲಂ ಬೆಟ್ಟದ ಬುಡದವನು. ಅವರ ಬೀದಿಯಲ್ಲಿ ನಿವೃತ್ತ ನರ್ಸ್ ಒಬ್ಬರಿದ್ದರು. ಎಲ್ಲರೂ ಅವರನ್ನು ಸಿಸ್ಟರಮ್ಮ ಎನ್ನುತ್ತಿದ್ದರು. ತಮ್ಮ ಮನೆಯ ಮುಂದಿನ ಎರಡು ಕೋಣೆಗಳಲ್ಲಿ ವೀಲ್‌ಚೇರ್, ವಾಕರ್, ಗಾಳಿ ಹಾಸಿಗೆ, ಊರುಗೋಲು ಇಟ್ಟುಕೊಂಡು, ಮನೆಯಲ್ಲಿ ರೋಗಿ ಇರುವವರಿಗೆ ಮೂರು ತಿಂಗಳ ಮಟ್ಟಿಗೆ ಸುಮ್ಮನೆ ಕೊಡುತ್ತಿದ್ದರು. ಬೇಕೆಂದರೆ ಅವಧಿ ಮುಂದುವರಿಸುತ್ತಿದ್ದರು. ಎಲ್ಲ ಲೆಕ್ಕವೂ ಮೂರು ಉದ್ದನೆಯ ರಿಜಿಸ್ಟರುಗಳಲ್ಲಿ.

ನಾವು ಹೋದ ದಿನ ಸಿಸ್ಟರಮ್ಮ ವಾಕರೊಂದರ ರಬ್ಬರ್ ಬೂಟು ಬದಲಿಸುತ್ತಾ ನೆಲದ ಮೇಲೆ ಕೂತಿದ್ದರು. ಹುಡುಗಿ ನೋಟ್‌ಬುಕ್ ತೆರೆದು, "ನಿಮಗೆ ಏನೇನು ಬೇಕು ಹೇಳಿ ಅಮ್ಮಾ, ಬರೆದುಕೊಳ್ಳುತ್ತೇವೆ" ಎಂದಳು.

"ನನಗೆ ಜಾಸ್ತಿ ಏನೂ ಬೇಡ ತಾಯೀ. ದಿನಾ ಯಾರಾದರೂ ಬಂದು ವೀಲ್‌ಚೇರ್ ಇದೆಯಾ ಅಂತ ಕೇಳ್ತಾರೆ. ಇಲ್ಲ ಅಂತೀನಿ. ಎಷ್ಟೋ ಮನೆಯಲ್ಲಿ ಅದು ಮೂಲೆಯಲ್ಲಿ ಧೂಳು ಹಿಡೀತಾ ಇರುತ್ತೆ. ಯಾರ ಮನೆಯಲ್ಲಿ ಸುಮ್ಮನೆ ಬಿದ್ದಿದೆ ಅನ್ನೋದು ಒಂದು ಗೊತ್ತಾದರೆ ಸಾಕು."

ಅವರು ಕೇಳಿದ್ದು ಅಷ್ಟೇ. ನಾವು ಬರೆದುಕೊಂಡದ್ದು ಬೇರೆ. ಗಡುವು ದಾಟಿದವರ ಪಟ್ಟಿ, ಅವರ ಹೆಸರಿಗೆ ಕೆಂಪು ಬಣ್ಣ, ಫೋನಿಗೆ ತಾನಾಗಿ ಹೋಗುವ ಎಚ್ಚರಿಕೆಯ ಮೆಸೇಜು. ಮೇಡಂ ಓದಿ ತಲೆಯಾಡಿಸಿದರು. ನಾವೂ ಬೀಗಿದೆವು.

ಆ ತಿಂಗಳುಗಳನ್ನು ನೆನೆದರೆ ಈಗಲೂ ಮೊದಲು ನೆನಪಾಗುವುದು ಬೆಲ್ಲದ ವಾಸನೆ. ಹುಡುಗಿ ಪ್ರತಿ ಸೋಮವಾರ ಊರಿಂದ ಸ್ಟೀಲ್ ಡಬ್ಬಿಯಲ್ಲಿ ಬೆಲ್ಲ ತರುತ್ತಿದ್ದಳು. ಲ್ಯಾಬಿನಲ್ಲಿ ಏನೂ ತಿನ್ನಬಾರದೆಂದು ಬೋರ್ಡಿತ್ತು. ನಾವು ಮೂವರೂ ಕೊನೆಯ ಸಾಲಿನ ಕಂಪ್ಯೂಟರ್ ಹಿಡಿದು, ಬೆಲ್ಲದ ಚೂರನ್ನು ದವಡೆಯಲ್ಲಿ ಒತ್ತಿಕೊಂಡು ಕೆಲಸ ಮಾಡುತ್ತಿದ್ದೆವು. ಅವಳು ಸ್ಕ್ರೀನ್ ಬಿಡಿಸುವಳು, ಅವನು ಕೋಡ್ ಬರೆಯುವನು. ನನ್ನ ಪಾಲಿಗೆ ಬಂದದ್ದು ಟೆಸ್ಟಿಂಗ್, ಮತ್ತು ಮೂರೂ ರಿಜಿಸ್ಟರುಗಳನ್ನು ಕಂಪ್ಯೂಟರಿಗೆ ಏರಿಸುವುದು. ತೆಲುಗು ಅಕ್ಷರ ನಮ್ಮ ಅಕ್ಷರದ ತಂಗಿಯಂತಿರುವುದರಿಂದ ಎರಡೇ ತಿಂಗಳಲ್ಲಿ ಓದುವುದನ್ನೂ ಬರೆಯುವುದನ್ನೂ ಕಲಿತಿದ್ದೆ. ಎಚ್ಚರಿಕೆಯ ಮೆಸೇಜನ್ನು ನಾನೇ ಬರೆಯುತ್ತೇನೆಂದು ಹಟ ಹಿಡಿದೆ. 'ಮೀ' ಎಂದು ಶುರುವಾಗಿ, ಆಮೇಲೆ ಸಾಮಾನಿನ ಹೆಸರು ಕಂಪ್ಯೂಟರೇ ತುಂಬಿಕೊಂಡು, ಕೊನೆಗೆ 'ಗಡುವು ಮುಗಿಸಿಂದಿ, ವೆಂಟನೇ ಅಪ್ಪಗಿಂಚಂಡಿ.' ಅಂದರೆ, ನಿಮ್ಮ ಇಂಥ ಸಾಮಾನಿನ ಗಡುವು ಮುಗಿದಿದೆ, ಕೂಡಲೇ ಒಪ್ಪಿಸಿ. ಆ ಒಂದು ಸಾಲನ್ನು ಮನೆಯಲ್ಲಿ ಮಗಳಿಗೆ ಓದಿ ತೋರಿಸಿದೆ. ಶಾಲೆಯ ಸಹವಾಸದಲ್ಲಿ ಕನ್ನಡಕ್ಕಿಂತ ತೆಲುಗೇ ಸಲೀಸಾಗಿದ್ದ ಅವಳು ಒಂದೂ ತಪ್ಪು ಹಿಡಿಯಲಿಲ್ಲವೆಂದು ನನಗೆ ಹೆಮ್ಮೆಯಲ್ಲಿ ನೆಲ ಕಾಣಲಿಲ್ಲ.

ಹೀಗಿರುವಾಗ ಗಂಡನಿಗೆ ವಿಜಯವಾಡಕ್ಕೆ ವರ್ಗವಾಯಿತು. ಆದೇಶದ ಕಾಗದ ಹಿಡಿದು ಬಂದವರ ಮುಖ ನೋಡಿ, ನನ್ನ ಓದು ಇಲ್ಲಿಗೆ ಮುಗಿಯಿತು ಎಂದುಕೊಂಡೆ.

"ನೀ ಬಿಡಬ್ಯಾಡ," ಎಂದರು. "ಇನ್ನ ನಾಕು ತಿಂಗಳ ಐತಿ. ನಾನೂ ಮಗಳೂ ಹೆಂಗರ ಮಾಡ್ಕೊಂತೀವಿ. ಅನ್ನಾ ಸಾರು ಮಾಡಾಕ ನನಗೂ ಬರ್ತೈತಿ."

"ನಿಮ್ಮ ಸಾರು ಉಂಡ್ರ ಹುಡುಗಿ ಸೊರಗತಾಳ್ರೀ."

"ಸೊರಗಿದ್ರ ಶನಿವಾರ ಬಂದು ನೀ ತುಂಬಿಸಿ ಹೋಗು."

ಹಾಗೆಯೇ ಆಯಿತು. ಅವರಿಬ್ಬರೂ ವಿಜಯವಾಡದಲ್ಲಿ, ನಾನು ಅನಕಾಪಲ್ಲಿಯ ಹುಡುಗಿಯ ಹಾಸ್ಟೆಲ್ ಕೋಣೆಯಲ್ಲಿ. ಶನಿವಾರ ಬೆಳಗಿನ ರೈಲಿಗೆ ಹೋಗಿ ಸೋಮವಾರ ವಾಪಸು. ರಾಜಮಂಡ್ರಿಯ ಗೋದಾವರಿ ಸೇತುವೆ ಬಂದಾಗಲೆಲ್ಲ ಅರ್ಧ ದಾರಿ ದಾಟಿದೆ ಎಂದುಕೊಳ್ಳುತ್ತಿದ್ದೆ. ಹೋಗುವಾಗ ಅದು ಸಂತೋಷ, ಬರುವಾಗಲೂ ಸಂತೋಷವೇ. ಎರಡೂ ಕಡೆ ನನಗಾಗಿ ಕಾಯುವವರಿದ್ದರು. ಮೂವತ್ತೆಂಟರಲ್ಲಿ ಹಾಸ್ಟೆಲಿನ ಮಂಚದ ಮೇಲೆ ಕಾಲು ಚಾಚಿ, ಬಟ್ಟೆ ಒಣಗಿಸಲು ಜಾಗಕ್ಕಾಗಿ ಇಪ್ಪತ್ತರ ಹುಡುಗಿಯರ ಜೊತೆ ಕಿತ್ತಾಡಿದ್ದೇನೆಂದರೆ ಈಗ ನನಗೇ ನಂಬಿಕೆಯಾಗುವುದಿಲ್ಲ.

ಡೆಮೊಗೆ ಒಂದು ತಿಂಗಳಿದ್ದಾಗ ಆ ಗುರುವಾರ ಬಂತು. ಮೆಸೇಜು ಹೋಗುತ್ತದೋ ಇಲ್ಲವೋ ನೋಡಬೇಕಿತ್ತು. ನಮ್ಮ ಮೂವರ ನಂಬರುಗಳಿದ್ದ ಚಿಕ್ಕ ಪಟ್ಟಿಯೊಂದನ್ನು ಪರೀಕ್ಷೆಗೆಂದೇ ಮಾಡಿಟ್ಟಿದ್ದೆವು. ಹುಡುಗ ಊಟಕ್ಕೆ ಹೋಗಿದ್ದ. ಅವನು ಬರುವಷ್ಟರಲ್ಲಿ ನಾನೇ ಮುಗಿಸಿಬಿಡೋಣವೆಂದು ಪಟ್ಟಿ ಆರಿಸಿ ಗುಂಡಿ ಒತ್ತಿದೆ. ನಮ್ಮ ಫೋನುಗಳು ಸುಮ್ಮನಿದ್ದವು. ಮತ್ತೊಮ್ಮೆ ಸ್ಕ್ರೀನ್ ನೋಡಿದೆ. ನಾನು ಆರಿಸಿದ್ದು ಚಿಕ್ಕ ಪಟ್ಟಿಯಲ್ಲ. ಸಿಸ್ಟರಮ್ಮನ ರಿಜಿಸ್ಟರಿನ ಪೂರ್ತಿ ಪಟ್ಟಿ.

ಹುಡುಗಿ ಓಡಿಹೋಗಿ ಅವನನ್ನು ಕರೆತಂದಳು. ಅವನು ಕೂತು ಏನೇನೋ ಒತ್ತಿ, ಹೋದ ಮೆಸೇಜುಗಳನ್ನು ತೆರೆದು, ತಲೆಯ ಮೇಲೆ ಕೈಯಿಟ್ಟುಕೊಂಡ. ಇನ್ನೊಂದು ತಪ್ಪೂ ಆಗಿತ್ತು, ಅದು ಅವನದು. ಸಾಮಾನಿನ ಹೆಸರು ಬರಬೇಕಾದ ಜಾಗ ಖಾಲಿಯಾಗಿತ್ತು. ಎಲ್ಲರಿಗೂ ಹೋಗಿದ್ದದ್ದು ಇಷ್ಟೇ: 'ಮೀ ಗಡುವು ಮುಗಿಸಿಂದಿ. ವೆಂಟನೇ ಅಪ್ಪಗಿಂಚಂಡಿ.'

ನಿಮ್ಮ ಗಡುವು ಮುಗಿದಿದೆ. ಹಾಸಿಗೆ ಹಿಡಿದವರಿರುವ ಮನೆಗಳಿಗೆ.

ಹದಿನೈದು ನಿಮಿಷಕ್ಕೆ ಸಿಸ್ಟರಮ್ಮನ ಫೋನು ಬಂತು. ಬೈಗುಳವಿಲ್ಲ. "ಮೂವರೂ ಬನ್ನಿ" ಎಂದಷ್ಟೇ ಹೇಳಿ ಇಟ್ಟರು. ನಾವು ಹೋದಾಗ ಅವರ ಫೋನು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಅವರು ರಿಜಿಸ್ಟರುಗಳನ್ನು ನಮ್ಮ ಮುಂದಿಟ್ಟರು. "ಒಬ್ಬೊಬ್ಬರೂ ಒಂದೊಂದು ತಗೊಳ್ಳಿ. ಎಲ್ಲರಿಗೂ ಫೋನ್ ಮಾಡಿ, ತಪ್ಪಾಯ್ತು ಅನ್ನಿ. ಅಳೋರು ಇದ್ದರೆ ಪೂರ್ತಿ ಅಳೋವರೆಗೂ ಇಡಬೇಡಿ."

ಆ ದಿನ ಸಂಜೆಯವರೆಗೆ, ಮರುದಿನ ಬೆಳಗಿಂದ ಮತ್ತೆ ಸಂಜೆಯವರೆಗೆ ಫೋನು ಮಾಡಿದೆವು. ಒಬ್ಬರು ಕರೆಂಟ್ ಆಫೀಸಿನವರೆಂದುಕೊಂಡು ನನ್ನನ್ನೇ ಗದರಿಸಿದರು. ಒಬ್ಬಾಕೆ ಬ್ಯಾಂಕಿನವರೆಂದುಕೊಂಡಿದ್ದರು. ಒಬ್ಬ ಅಜ್ಜ ನಕ್ಕು, "ಮುಗಿದಿದೆ ಅಂತ ನನಗೂ ಅನಿಸಿತ್ತು ಅಮ್ಮಾ, ನಿಮಗೆ ಹೇಗೆ ಗೊತ್ತಾಯಿತು?" ಎಂದರು. ಅವರು ನಕ್ಕದ್ದಕ್ಕೇ ನನಗೆ ಅಳು ಬಂತು. ಯಾರ ಮಾತಿಗೂ ಬಗ್ಗದ ನಮ್ಮ ಹುಡುಗ ಗೋಡೆಯ ಕಡೆ ಮುಖ ಮಾಡಿ, ತೆಲುಗಿನ ಮರ್ಯಾದೆಯ 'ಅಂಡಿ' ಸೇರಿಸಿ, "ಕ್ಷಮಿಸಿ ಅಂಡಿ, ತಪ್ಪು ನನ್ನದು" ಎಂದು ಮತ್ತೆ ಮತ್ತೆ ಹೇಳುತ್ತಿದ್ದ. ಒಂದು ಮನೆಯಲ್ಲಿ ತಂದೆ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. "ಕುರ್ಚಿ ಇಲ್ಲೇ ಇದೆ. ವಾಪಸು ತರಲು ಯಾರಿಗೂ ಮನಸ್ಸು ಬರಲಿಲ್ಲ. ನೀವೇ ಬಂದು ಒಯ್ಯುತ್ತೀರಾ?" ಎಂದು ಮಗ ಕೇಳಿದನಂತೆ. ಹುಡುಗಿ ಫೋನಿಟ್ಟು, ರಿಜಿಸ್ಟರಿನ ಅಂಚಿನಲ್ಲಿ ಪೆನ್ಸಿಲಿನಿಂದ 'ನಾವೇ ತರಬೇಕು' ಎಂದು ಬರೆದಳು. ಎರಡನೇ ದಿನ ಮುಗಿಯುವಾಗ ಅಂಥ ಬರಹ ಹಲವು ಕಡೆ ಇತ್ತು. ಸಿಸ್ಟರಮ್ಮ ಮೊದಲ ದಿನ ಕೇಳಿದ್ದು ಇದನ್ನೇ ಎಂದು ಆಗ ಹೊಳೆಯಿತು.

ಒಂದು ನಂಬರು ಮಾತ್ರ ನನ್ನ ಪಾಲಿನಲ್ಲಿ ಉಳಿಯಿತು. ಹೆಂಗಸೊಬ್ಬರು ಎತ್ತಿ, ನಾನು ವೀಲ್‌ಚೇರ್ ಎಂದ ಕೂಡಲೇ ಇಟ್ಟುಬಿಟ್ಟರು. ಮೂರು ಸಲ ಹಾಗೆಯೇ ಆಯಿತು. ಸಿಸ್ಟರಮ್ಮ ಹೆಸರು ನೋಡಿ, "ಇವರು ಗಂಡನಿಗೆ ಅಂತ ಒಯ್ದಿದ್ದರು. ಆಮೇಲೆ ವಿಜಯವಾಡಕ್ಕೆ ಹೋದರು ಅಂತ ಕೇಳಿದೆ. ಶನಿವಾರ ಹೇಗೂ ಹೋಗ್ತೀಯಲ್ಲ, ಮನೆ ಹುಡುಕಿ ಮಾತಾಡಿಸಿ ಬಾ" ಎಂದರು. ಅವರ ಹಳೆಯ ಮನೆಯ ಪಕ್ಕದವರಿಂದ ವಿಳಾಸವನ್ನೂ ತರಿಸಿಕೊಟ್ಟರು.

ಆ ರೈಲಿನಲ್ಲಿ ದಾರಿಯುದ್ದಕ್ಕೂ ನಾನು ಕಲ್ಪಿಸಿಕೊಂಡದ್ದು ಒಂದೇ: ಹಾರ ಹಾಕಿದ ಫೋಟೋ, ಅದರ ಕೆಳಗೆ ಖಾಲಿ ಕುರ್ಚಿ.

ಭಾನುವಾರ ಮಧ್ಯಾಹ್ನ ಗಂಡನನ್ನೂ ಕರೆದುಕೊಂಡು ಹೋದೆ. ಕಾಲುವೆಯ ಪಕ್ಕದ ಓಣಿಯಲ್ಲಿ ಕೆಳಗಿನ ಮನೆ. ಬಾಗಿಲು ತೆರೆದ ಹೆಂಗಸು, ಸಿಸ್ಟರಮ್ಮನ ಕಡೆಯಿಂದ ಎಂದದ್ದೇ ಬಾಗಿಲಿಗೆ ಅಡ್ಡವಾಗಿ ನಿಂತರು.

"ಕುರ್ಚಿ ಕೊಡೋದಿಲ್ಲ. ಊರು ಬಿಟ್ಟು ತಂದದ್ದು ತಪ್ಪೇ. ಆದರೆ ಕೊಟ್ಟರೆ ಅವರು ಎಲ್ಲಿ ಕೂರಬೇಕು? ನೆಲದ ಮೇಲಾ?"

ಒಳಗಿನಿಂದ ಗಂಡಸಿನ ದನಿಯೊಂದು ಬಂತು. ಇಡೀ ಓಣಿಗೆ ಕೇಳುವಷ್ಟು ತುಂಬಿದ, ಒಂದೊಂದು ಅಕ್ಷರವೂ ಬಿಡಿ ಬಿಡಿಯಾದ ದನಿ. "ಯಾರು ಅದು, ಗಡುವಿನವರಾ? ಒಳಗೆ ಕಳಿಸು!"

ಅವರು ಬದುಕಿದ್ದರು. ಕಿಟಕಿಯ ಹತ್ತಿರ ಆ ವೀಲ್‌ಚೇರಿನಲ್ಲಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೂತಿದ್ದರು. ಸಕ್ಕರೆ ಕಾಯಿಲೆಯಿಂದ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದಿದ್ದರು. ಕೆಲಸದಲ್ಲಿದ್ದಷ್ಟು ಕಾಲವೂ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು, ಯಾವ ಬಸ್ಸು ಎಲ್ಲಿಂದ ಹೊರಡುತ್ತದೆ ಎಂದು ಕೂಗಿ ಹೇಳಿದವರು. ನನ್ನ ಮೆಸೇಜು ಅವರ ಫೋನಿಗೇ ಬಂದಿತ್ತು.

"ಇದನ್ನು ಬರೆದದ್ದು ಯಾರು?"

"ನಾನೇ ಅಂಡಿ. ನಾನು ಕನ್ನಡದವಳು. ತಪ್ಪಾಯಿತು."

"ತಪ್ಪಿಲ್ಲ. ಅಕ್ಷರ ಸರಿಯಾಗಿದೆ, ವ್ಯಾಕರಣ ಸರಿಯಾಗಿದೆ. ಆದರೆ ನೋಡಮ್ಮಾ, ಬಸ್ಸು ಹೋಯಿತು ಅಂತ ನಾನು ಯಾವತ್ತೂ ಮೈಕಿನಲ್ಲಿ ಹೇಳಿದ್ದಿಲ್ಲ. ಮುಂದಿನ ಬಸ್ಸು ಎಷ್ಟು ಗಂಟೆಗೆ ಅಂತ ಹೇಳ್ತಿದ್ದೆ. ಗಂಟು ಹೊತ್ತುಕೊಂಡು ಓಡಿ ಬಂದವರಿಗೆ ಬೇಕಾದದ್ದು ಅದೇ ಅಲ್ವಾ?"

ನಾನು ಎಲ್ಲವನ್ನೂ ಹೇಳಿದೆ. ಪ್ರಾಜೆಕ್ಟು, ಪಟ್ಟಿ, ಖಾಲಿ ಜಾಗ, ಎರಡು ದಿನದ ಫೋನು. ಕುರ್ಚಿ ಬೇಕಾದಷ್ಟು ದಿನ ಇಟ್ಟುಕೊಳ್ಳಬಹುದೆಂದು ಸಿಸ್ಟರಮ್ಮ ಹೇಳಿ ಕಳಿಸಿದ್ದನ್ನೂ ಹೇಳಿದೆ. ಬಾಗಿಲ ಹತ್ತಿರವೇ ನಿಂತಿದ್ದ ಹೆಂಡತಿ ಅಲ್ಲೇ ಸ್ಟೂಲಿನ ಮೇಲೆ ಕೂತರು. "ಇಷ್ಟು ದಿನ ಫೋನ್ ಬಂದರೆ ಸಾಕು, ಕುರ್ಚಿ ಕೇಳೋಕೇ ಅಂದುಕೊಳ್ತಿದ್ದೆ," ಎಂದರು. ನನ್ನ ಕಡೆ ತಿರುಗಿ, "ಆ ಮಾತನ್ನೇ ಮೊದಲು ಹೇಳಬೇಕಿತ್ತು ನೀವು. ಬೇಕಾದರೆ ಇರಲಿ ಅಂತ. ಆಮೇಲೆ ಉಳಿದದ್ದು."

ನಾನು ಚೀಲದಿಂದ ನೋಟ್‌ಬುಕ್ ತೆಗೆದೆ. ಅವರಿಬ್ಬರೂ ಕೂತು ಹೊಸ ಮೆಸೇಜು ಹೇಳಿದರು, ನಾನು ಬರೆದುಕೊಂಡೆ. ಓದುಬರಹ ಬಾರದವರು ಏನು ಮಾಡಬೇಕು ಎಂದು ಹೆಂಡತಿ ಕೇಳಿದರು. ಅದು ನಮ್ಮ ಮೂವರಿಗೂ ಹೊಳೆದಿರಲಿಲ್ಲ. ನನ್ನ ಗಂಡ ಅಲ್ಲಿಯವರೆಗೆ ತಮ್ಮ ಅರೆಬರೆ ತೆಲುಗನ್ನು ನೆಚ್ಚಿಕೊಳ್ಳದೆ ಸುಮ್ಮನಿದ್ದವರು, ಕನ್ನಡದಲ್ಲಿ ನನಗೆ ಮೆಲ್ಲಗೆ ಹೇಳಿದರು. "ಇವರ ದನೀನ ತುಂಬಿಸ್ಕೋ ಅಲಾ. ಇಂಥಾ ದನಿ ಎಲ್ಲಿ ಸಿಗಬೇಕು?"

ಕೇಳಿದಾಗ ಅವರು ಬೇಡವೆನ್ನಲಿಲ್ಲ. ಒಂದು ಲೋಟ ಬಿಸಿನೀರು ಕುಡಿದರು, ಫ್ಯಾನು ನಿಲ್ಲಿಸಲು ಹೇಳಿದರು, ಕನ್ನಡಕ ಏರಿಸಿದರು. ನಾನು ಫೋನು ಹಿಡಿದೆ. "ನಮಸ್ಕಾರಮಂಡಿ. ನಿಮಗೆ ಕೊಟ್ಟ ಸಾಮಾನು ಇನ್ನೂ ಬೇಕಾದರೆ ಇರಲಿ. ಬೇಡವಾಗಿದ್ದರೆ ಈ ನಂಬರಿಗೆ ಒಂದು ಫೋನ್ ಮಾಡಿ. ನಾವೇ ಬಂದು ಒಯ್ಯುತ್ತೇವೆ." ತೆಲುಗಿನಲ್ಲಿ ಅದು ಇದಕ್ಕಿಂತ ಚೆನ್ನಾಗಿತ್ತು. ಮೂರನೇ ಸಲಕ್ಕೆ ಸರಿಯಾಗಿ ಬಂತು ಎನ್ನುವಾಗ ಪಕ್ಕದ ಮನೆಯ ಕುಕ್ಕರು ಕೂಗಿತು. ಅದನ್ನು ತೆಗೆಯಲು ನಮಗೆ ಆಮೇಲೂ ಆಗಲಿಲ್ಲ.

ಸೋಮವಾರ ಲ್ಯಾಬಿನಲ್ಲಿ ಹುಡುಗ ಮುಖ ಗಂಟಿಕ್ಕಿದ. "ಅಕ್ಕಾ, ಡಿಸೈನ್ ಮುಗಿದು ಸಹಿ ಆಗಿದೆ. ಇನ್ನು ಮೂರು ವಾರ. ಈಗ ಬದಲಾಯಿಸಿದರೆ ಮಾರ್ಕ್ಸ್ ಹೋಗುತ್ತೆ."

ನಾನು ಅವನ ಕಿವಿಗೆ ಇಯರ್‌ಫೋನ್ ಸಿಕ್ಕಿಸಿದೆ. ಒಮ್ಮೆ ಕೇಳಿದ. ಮತ್ತೊಮ್ಮೆ ಕೇಳಿದ. "ಕುಕ್ಕರ್ ಯಾರದು?" ಎಂದ. ಆಮೇಲೆ ಕುರ್ಚಿ ಎಳೆದುಕೊಂಡು, ತಾನಾಗಿ ಹೋಗುತ್ತಿದ್ದ ಮೆಸೇಜಿನ ಕೋಡನ್ನೆಲ್ಲ ಅಳಿಸತೊಡಗಿದ. ಹುಡುಗಿ ಸ್ಕ್ರೀನಿನಿಂದ ಕೆಂಪು ಬಣ್ಣ ತೆಗೆದು, 'ನಾವೇ ತರಬೇಕು' ಎಂಬ ಹೊಸ ಕಾಲಂ ಹಾಕಿದಳು. ಸಿಸ್ಟರಮ್ಮ ಹೆಸರು ನೋಡಿ ಒಪ್ಪಿದ ಮೇಲೆಯೇ ಆ ದನಿ ಫೋನಿನಲ್ಲಿ ಹೋಗುವಂತೆ ಮಾಡಿದೆವು. ಆ ಮೂರು ವಾರ ಅವನು ನಮ್ಮಿಬ್ಬರ ಜೊತೆ ಒಮ್ಮೆಯೂ ಜಗಳವಾಡಲಿಲ್ಲ.

ಡೆಮೊ ದಿನ ಹೊರಗಿನಿಂದ ಬಂದಿದ್ದ ಪರೀಕ್ಷಕರು ತಮ್ಮ ಫೋನಿನಲ್ಲೇ ಆ ದನಿಯನ್ನು ಕೊನೆಯವರೆಗೂ ಕೇಳಿದರು. ಆಮೇಲೆ ನಮ್ಮ ದಪ್ಪ ದಾಖಲೆಯನ್ನು ತೆರೆದು, "ಇದರಲ್ಲಿ ಬರೆದದ್ದೇ ಬೇರೆ, ಮಾಡಿದ್ದೇ ಬೇರೆ. ತಾನಾಗಿ ನಡೆಯೋದನ್ನು ತೆಗೆದು ಮನುಷ್ಯರ ಕೈಗೆ ಕೊಟ್ಟಿದ್ದೀರಿ. ಯಾಕೆ?" ಎಂದರು. ನಾವು ನಡೆದದ್ದನ್ನು ಹೇಳಿದೆವು. ಅವರು ಬರೆದುಕೊಂಡರು. ನಮಗೆ ಬಂದದ್ದು ಸಾಧಾರಣ ಗ್ರೇಡು. ಫಲಿತಾಂಶದ ದಿನ ಮೂವರೂ ಬೆಲ್ಲ ತಿಂದೆವು. ಆ ದಿನ ತಿನ್ನಬಾರದೆಂಬ ಬೋರ್ಡಿನ ಕೆಳಗೇ ನಿಂತು.

ನಾನು ವಿಜಯವಾಡಕ್ಕೆ ಹೋದೆ. ಹುಡುಗನಿಗೆ ಹೈದರಾಬಾದಿನಲ್ಲಿ ಕೆಲಸ ಸಿಕ್ಕಿತು, ಹುಡುಗಿಗೆ ಮಧುರವಾಡದಲ್ಲೇ. ಕಾಲುವೆ ಪಕ್ಕದ ಆ ಮನೆಗೆ ನಾನೂ ಗಂಡನೂ ಆಗಾಗ ಹೋಗಿ ಕೂರುತ್ತಿದ್ದೆವು. ಮುಂದಿನ ವರ್ಷ ಆ ಯಜಮಾನರಿಗೆ ಕೃತಕ ಕಾಲು ಕೂರಿಸಿದರು. ನಡೆಯಲು ಕಲಿತು ಒಂದೆರಡು ತಿಂಗಳಾದ ಮೇಲೆ ಹೆಂಡತಿಯೇ ಫೋನ್ ಮಾಡಿ, "ಬೇಡವಾಗಿದೆ. ಬಂದು ಒಯ್ಯಿರಿ" ಎಂದರು. ಹೇಳುವಾಗ ನಗುತ್ತಿದ್ದರು.

ಅಂದು ವೀಲ್‌ಚೇರನ್ನು ಮಡಚಿ, ನಾನೂ ನನ್ನ ಗಂಡನೂ ರೈಲಿಗೆ ಏರಿಸಿದೆವು. ಬೋಗಿ ತುಂಬಿತ್ತು. ಸಾಮರ್ಲಕೋಟದಲ್ಲಿ ಹತ್ತಿದ ಅಜ್ಜಿಯೊಬ್ಬರಿಗೆ ಸೀಟು ಸಿಗಲಿಲ್ಲ. ನನ್ನ ಗಂಡ ಬಾಗಿಲ ಹತ್ತಿರ ಕುರ್ಚಿ ಬಿಚ್ಚಿ ಅವರನ್ನು ಕೂರಿಸಿದರು. ಅಜ್ಜಿ ಅನಕಾಪಲ್ಲಿಯವರೆಗೂ ಅದರಲ್ಲೇ ಕೂತು, ಹೋಗಿ ಬರುವವರನ್ನೆಲ್ಲ ಪಕ್ಕಕ್ಕೆ ಸರಿಯಿರಿ ಎಂದು ಗದರಿಸುತ್ತಾ ಬಂದರು. ವಿಶಾಖಪಟ್ಟಣದ ಪ್ಲಾಟ್‌ಫಾರ್ಮಿನಲ್ಲಿ ಹುಡುಗಿ ನಿಂತಿದ್ದಳು. ಅವಳ ಪಕ್ಕದಲ್ಲಿ ರಜೆ ಹಾಕಿ ಬಂದಿದ್ದ ನಮ್ಮ ಹುಡುಗ.

ನಾವು ಕುರ್ಚಿ ಒಯ್ದು ನೋಡಿದರೆ, ಸಿಸ್ಟರಮ್ಮ ಅಷ್ಟರಲ್ಲಿ ಕಂಪ್ಯೂಟರಿಗೆ ಬಟ್ಟೆ ಮುಚ್ಚಿ, ಮತ್ತೆ ರಿಜಿಸ್ಟರಿಗೇ ಮರಳಿದ್ದರು. ಫೋನಿನಲ್ಲಿ ಆ ದನಿಯನ್ನು ಮಾತ್ರ ಉಳಿಸಿಕೊಂಡಿದ್ದರು. ಹುಡುಗನಿಗೆ ಬೇಸರವಾಯಿತೋ ಏನೋ, ತೋರಿಸಿಕೊಳ್ಳಲಿಲ್ಲ. ಕುರ್ಚಿಯ ಗಾಲಿಗೆ ಎಣ್ಣೆ ಹಾಕಿ ಒರೆಸುತ್ತಿರುವಾಗಲೇ ಗಾಜುವಾಕದ ಕಡೆಯಿಂದ ಒಬ್ಬರು ತಾಯಿಗಾಗಿ ಕೇಳಿಕೊಂಡು ಬಂದರು. ಆಟೋದ ಹಿಂದೆ ಕಟ್ಟಿಕೊಂಡು ಹೊರಟೇಬಿಟ್ಟರು.

"ಏಳು ತಾಸು ಹೊತ್ಕೊಂಡು ಬಂದ್ವಿ, ಒಂದು ತಾಸೂ ನಿಲ್ಲಲಿಲ್ಲ ನೋಡು" ಎಂದರು ನನ್ನ ಗಂಡ.

ಅಂದು ಸಂಜೆ ನಾಲ್ವರೂ ಸಮುದ್ರದ ದಂಡೆಗೆ ಹೋಗಿ, ಅಲ್ಲಿ ಮುಂತ ಮಸಾಲಾ ಎಂದು ಮಾರುವ ಮಂಡಕ್ಕಿ ತಿಂದೆವು. ನಮ್ಮೂರ ಗಿರ್ಮಿಟ್ ಮುಂದೆ ಇದೇನೂ ಅಲ್ಲ ಎಂದು ನನ್ನ ಗಂಡ ಹೇಳಿದ್ದನ್ನು ನಾನು ತೆಲುಗಿಗೆ ತಿರುಗಿಸಿದೆ. ಇಬ್ಬರೂ ಸಿಟ್ಟಾಗಿ ಅವರಿಗೆ ಇನ್ನೊಂದು ಪೊಟ್ಟಣ ತಂದು ತಿನ್ನಿಸಿದರು. ನಮ್ಮ ಟೀಮಿನ ಮೂವರೂ ಒಟ್ಟಿಗೆ ಇದ್ದದ್ದು ಆ ದಿನವೇ ಕೊನೆ. ಮರುವರ್ಷ ನಮಗೆ ಹುಬ್ಬಳ್ಳಿಗೆ ವರ್ಗವಾಯಿತು.